ಇದೇ ಕೊನೆ ತುತ್ತು

ಪ್ರೀತಿಯ ಅಪ್ಪಾ,

ನಿಮ್ಮ ನಿಘಂಟಿಗೆ ‘ಕೊನೆಯ’ ಎಂಬುದಕ್ಕೆ ಸಮಾನ ಪದಗಳನ್ನು ಕೇಳಿದ್ದಿರಿ. ಕಡೆಯ, ತುದಿಯ, ಕಟ್ಟಕಡೆಯ, ಅಂತಿಮ. ನಮ್ಮದು ಬೀದಿಯ ಕಡೆಯ ಮನೆ ಎನ್ನುತ್ತೇವೆ. ಅಂತಿಮ ಮನೆ ಎಂದರೆ ಅಂಚೆಯವನೂ ಹೆದರಿಯಾನು.

ದಿನಬಳಕೆಗೆ ಉದಾಹರಣೆ ನಮ್ಮ ಅಡುಗೆಮನೆಯಲ್ಲೇ ಇದೆ. ಹಲ್ಲು ಬರುತ್ತಿರುವ ನಿಮ್ಮ ಮೊಮ್ಮಗಳು ತಾನೂ ಮಲಗಳು, ನನ್ನನ್ನೂ ಮಲಗಲು ಬಿಡಳು. ಅವಳು ಊಟಕ್ಕೆ ಮುಖ ತಿರುಗಿಸಿದರೆ “ಇದೇ ಕೊನೆ ತುತ್ತು, ಬಂಗಾರ” ಅಂತ ತಿನ್ನಿಸುತ್ತೇನೆ; ಆಮೇಲೆ ಇನ್ನೊಂದು, ಮತ್ತೊಂದು. ನಿನ್ನೆ ನಿಮ್ಮ ಅಳಿಯ ನಕ್ಕರು: “ಎಷ್ಟ್ ಸಲ ಕೊನೆ ಆಗತ್ತೆ ತಾಯಿ? ಥೇಟ್ ಅಪ್ಪನ ಮಗಳು!” ಅಮ್ಮನಿಲ್ಲದ ಮನೆಯಲ್ಲಿ ನನಗೆ ಹಾಗೆ ಉಣ್ಣಿಸಿದವರು ನೀವೇ ತಾನೆ?

ಆಪರೇಷನ್‌ಗೆ ಮುಂಚೆ ಮುಗಿಸಬೇಕು, ಇದೇ ನನ್ನ ಕೊನೆಯ ಪುಸ್ತಕ ಎಂದು ಬರೆದಿದ್ದೀರಿ. ಆ ಸಾಲನ್ನು ನಾನು ತುತ್ತಿನ ಲೆಕ್ಕದಲ್ಲೇ ಓದಿಕೊಂಡಿದ್ದೇನೆ.

ಆಸ್ಪತ್ರೆಗೆ ಕನ್ನಡಕ, ಉಣ್ಣೆಯ ಟೋಪಿ ಮರೆಯಬೇಡಿ. ಶನಿವಾರ ನೀವು ಕಣ್ಣು ಬಿಡುವಾಗ ನಾನೂ ನಿಮ್ಮ ಮೊಮ್ಮಗಳೂ ಹಾಸಿಗೆಯ ಪಕ್ಕದಲ್ಲಿರುತ್ತೇವೆ. ಚಮಚ ನನ್ನ ಕೈಯಲ್ಲಿರುತ್ತದೆ. “ಇದೇ ಕೊನೆದು” ಎಂದರೆ ನಂಬಬೇಡಿ.

ನಿದ್ದೆಗೆಟ್ಟ ನಿಮ್ಮ
ಮಗಳು