ಗಂಟಿನಲ್ಲಿ ಇಡದ ಶೀಲ್ಡ್

ನನ್ನ ಬಾಣಂತಿ ತಂಗಿ ಸ್ವರೂಪಾ,

ಸುನೀಲಣ್ಣ ತಂದ ಗಂಟು ಬಿಚ್ಚಿದವಳೇ ನೀನು ಎದೆತೊಟ್ಟಿಗೆ ಹಚ್ಚಿಕೊಳ್ಳುವ ಆ ರಬ್ಬರ್ ಶೀಲ್ಡ್ ಹುಡುಕುತ್ತೀ. ಹುಡುಕಬೇಡ, ಇಟ್ಟಿಲ್ಲ. ಹುಟ್ಟಿದ ಕೂಸಿಗೆ ಮೊದಲು ಚೆನ್ನಾಗಿ ಬೆಳೆದ ಕೂಸಿನ ಹಳೆ ಅಂಗಿಯನ್ನೇ ತೊಡಿಸಬೇಕಲ್ಲ, ಅದಕ್ಕೆ ಅವ್ವ ಕಂಗ್ಟಿಯಿಂದ ಫೋನ್ ಮಾಡಿದ್ದಳು. "ಕೂಸು ಎದಿ ಹಿಡೀವಲ್ದು, ಅಂಗಿ ಸಂಗಟ ಆ ರಬ್ಬರಿಂದೂ ಕಳಸು, ನೀ ಎದಿಗಿ ಹಚ್ಕೊಂಡು ಕುಡಸ್ತಿದ್ದಿ ಅಲಾ" ಅಂದಳು. ಫೋನಿನಲ್ಲಿ ಅವಳ ಹಿಂದಿನಿಂದ ನಿನ್ನ ಅಳು ಕೇಳಿಸುತ್ತಿತ್ತು. ಅಂಗಿ, ಕುಂಚಿಗೆ, ದುಪಟಿ ಎಲ್ಲ ಇಟ್ಟಿದ್ದೇನೆ. ಅದೊಂದನ್ನು ತೆಗೆದೆ. ಅಕ್ಕ ಜಿಪುಣಿ ಅಂದುಕೋ, ಚಿಂತೆಯಿಲ್ಲ.

ನನಗೂ ಮೊದಲ ಶೀಲ್ಡ್ ಹೀಗೇ ಯಾರದೋ ಗಂಟಿನಲ್ಲಿ ಬಂದಿತ್ತು. ನನ್ನ ಅಳತೆಗೆ ದೊಡ್ಡದು. ಕೂಸು ಚಪ್ಪರಿಸುತ್ತಿತ್ತು, ಹಾಗೇ ನಿದ್ದೆ ಹೋಗುತ್ತಿತ್ತು. ಹೊಟ್ಟೆ ತುಂಬಿತೆಂದು ಮನೆಮಂದಿಯೆಲ್ಲ ಖುಷಿ. ಒದ್ದೆಯಾಗುವ ಲಂಗೋಟಿ ಕಡಿಮೆಯಾದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಜಹೀರಾಬಾದಿನ ಆಸ್ಪತ್ರೆಯಲ್ಲಿ ತೂಕ ಮಾಡಿದರೆ ಇಳಿದಿತ್ತು. ಸಿಸ್ಟರ್ ಬಸವೇಶ್ವರಿ ಬೈಯಲಿಲ್ಲ. "ಸಪ್ಪಳ ಕೇಳಬ್ಯಾಡ್ರಿ, ನುಂಗಾದು ನೋಡ್ರಿ" ಅಂದರು.

ನನ್ನ ಅಳತೆಯದನ್ನು ಕೊಡಿಸಿ, ಅದರ ಅಂಚು ಸ್ವಲ್ಪ ಮಗುಚಿ, ಎದೆತೊಟ್ಟು ಅದರೊಳಗೆ ಸೇರುವಂತೆ ಹಚ್ಚಿಕೊಳ್ಳುವುದನ್ನು ಅವರೇ ತೋರಿಸಿದರು. ಕೂಸು ಬರೀ ತುದಿ ಚೀಪಬಾರದು, ಬಾಯಿ ಅಗಲಿಸಿ ಎದೆಯನ್ನೇ ಹಿಡಿಯಬೇಕು. ಕುಡಿಸಿದ ಮೇಲೆ ಉಳಿದ ಹಾಲನ್ನು ಕೈಯಿಂದ ಹಿಂಡಿ ಚಮಚೆಯಲ್ಲಿ ಕೊಟ್ಟೆ, ಇಲ್ಲದಿದ್ದರೆ ಹಾಲೇ ಇಂಗಿಹೋಗುತ್ತಂತೆ. ಪ್ರತಿ ಸಲವೂ ಶೀಲ್ಡನ್ನು ಬಿಸಿನೀರು, ಸೋಪಿನಲ್ಲಿ ತೊಳೆದು ಮುಚ್ಚಳದ ಡಬ್ಬಿಯಲ್ಲಿಟ್ಟೆ. ಆಗಾಗ ತೂಕ ಮಾಡಿಸಿದೆ. ಕುಡಿಸು, ಹಿಂಡು, ತೊಳೆ, ಮತ್ತೆ ಕುಡಿಸು. ಆ ದಣಿವು ಇನ್ನೂ ಮೈಯಿಂದ ಇಳಿದಿಲ್ಲ ನೋಡು. ಆಮೇಲೆ ಒಂದು ಸಲ ಅರ್ಧ ಕುಡಿದಾಗ ಶೀಲ್ಡನ್ನು ಮೆಲ್ಲಗೆ ತೆಗೆದೆ, ಕೂಸು ನನ್ನ ಎದೆಯನ್ನೇ ಹಿಡಿಯಿತು. ಖುಷಿಗೆ ಅತ್ತುಬಿಟ್ಟೆ.

ಈಗ ಅದೇ ಶೀಲ್ಡ್ ಹಳತಾಗಿ ಅಂಚು ಬಿರಿದಿದೆ. ನಿನ್ನ ಅಳತೆಯದೂ ಅಲ್ಲ. ನಿನಗೆ ಶೀಲ್ಡ್ ಬೇಕೋ ಬೇಡವೋ ಎಂಬುದನ್ನೂ ಆಸ್ಪತ್ರೆಯಲ್ಲಿ ನೋಡಿದವರೇ ಹೇಳಬೇಕು. ನಾಳೆ ಬೆಳಿಗ್ಗೆಯೇ ನಾರಾಯಣಖೇಡದ ಆಸ್ಪತ್ರೆಗೆ ಕೂಸನ್ನು ಕರೆದುಕೊಂಡು ಹೋಗು. ಕೂಸು ಮಂಕಾಗಿ ಕುಡಿಯಲು ಏಳದಿದ್ದರೆ, ಒದ್ದೆ ಮಾಡದಿದ್ದರೆ ನಾಳೆಯವರೆಗೂ ಕಾಯಬೇಡ. ಆಸ್ಪತ್ರೆ ಮುಟ್ಟುವವರೆಗೆ ಹಾಲು ಹಿಂಡಿ ಚಮಚೆಯಲ್ಲಿ ಕುಡಿಸು. ಈ ಮಾತು ಅವ್ವನಿಗೂ ಓದಿ ಹೇಳು.

ನನ್ನ ಮಗನಿಗೆ ಜ್ವರ, ಇಳಿದ ಕೂಡಲೇ ನಾನೂ ಬರುತ್ತೇನೆ.

ಆಗ ನನ್ನ ಮನೆಗೆ ಬಂದವರೆಲ್ಲ ಬಾಗಿಲಲ್ಲೇ ಕೇಳುತ್ತಿದ್ದರು: "ಕೂಸು ಕುಡೀತದೇನು? ಹಾಲು ಸಾಕಾಗ್ತದೇನು?" ನೀನು ಉಂಡೆಯಾ ಅಂತ ಒಬ್ಬರೂ ಕೇಳಲಿಲ್ಲ. ಆ ಸಿಟ್ಟು ಇನ್ನೂ ಇದೆ ನನಗೆ. ಅದಕ್ಕೇ ಶೀಲ್ಡ್ ತೆಗೆದ ಜಾಗದಲ್ಲಿ ಅಂಟಿನುಂಡೆಯ ಡಬ್ಬಿ ಇಟ್ಟಿದ್ದೇನೆ. ಗಂಟಿನಲ್ಲಿ ಉಳಿದದ್ದೆಲ್ಲ ಕೂಸಿಗೆ, ಅದು ನಿನಗೆ. ಬಂದವರಿಗೆ ಹಂಚಬೇಡ.

ತಾಯಿ ಮಗು ಇಬ್ಬರೂ ತಣ್ಣಗಿರಿ. ಜೈ ಭೀಮ್.

ಉಂಡೆಯಾ, ಸ್ವರೂಪಾ?

ನಿನ್ನ ಅಕ್ಕ,
ಗೌತಮಿ