ಪ್ರಾಗ್‌ನ ಕಾಗೆಗೆ ಅಪ್ಪ ಕೊಟ್ಟ ಮಾತು

ಅಮ್ಮಾ,

ನೀನು ನನ್ನ ಕೊರಗಲ್ಲೇ ಸತ್ತೆ ಅನ್ನೋದು ಸುಳ್ಳು. ಅಪ್ಪ ದಿನಾ ಹೇಳಿದರೂ ಸುಳ್ಳೇ. ಈಗಷ್ಟೇ ಅವರ ಮುಖಕ್ಕೆ ಹಾಗಂತ ಹೇಳಿ, ರೂಮಿಗೆ ಬಂದು ಬರೆಯುತ್ತಿದ್ದೇನೆ. ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟು ಗ್ಯಾರೇಜು ಸೇರಿದವನ ಬರಹ, ಸಹಿಸಿಕೋ.

ಯೂಟ್ಯೂಬಲ್ಲಿ ನೋಡಿ ನೋಡಿ ಪ್ರಾಗ್ ಟೂರಿಗೆ ಹೆಸರು ಬರೆಸಿದವಳು ನೀನು. ಹೊರಡುವ ಮೊದಲೇ ಹೋಗಿಬಿಟ್ಟೆ. ವರ್ಷ ತುಂಬದೆ ಎಲ್ಲಿಗೂ ಹೋಗಬಾರದು ಅಂತ ನೆಂಟರು ಅಂದರು. ಅಪ್ಪ ಕೇಳಲಿಲ್ಲ. "ಅವಳು ನೋಡ್ಬೇಕು ಅಂದಿದ್ದನ್ನ ನಾವಾದ್ರೂ ನೋಡ್ಕೊಂಡ್ ಬರೋಣ ಬಾರೋ" ಅಂದರು. ನಿನ್ನ ಜಾಗದಲ್ಲಿ ನಾನು ಹೋದೆ.

ಅಲ್ಲಿ ಒಂದು ದಿನ ಪೂರ್ತಿ ನಮ್ಮದೇ. ಗೈಡ್ ಇಲ್ಲ, ಬಸ್ ಇಲ್ಲ. ಕಲ್ಲು ಹಾಸಿದ ಬೀದಿಗಳಲ್ಲಿ ಸುಮ್ಮನೆ ಸುತ್ತಿದೆವು. ಕೆಂಪು ಹೆಂಚು, ಚರ್ಚಿನ ಗಂಟೆ, ತಿರುವಿನಲ್ಲಿ ಕಿರುಗುಟ್ಟುವ ಟ್ರಾಮು. ಅಪ್ಪ ಆಗಾಗ ನಿಂತು, ಎಡಕ್ಕೆ ತಿರುಗಿ ಏನೋ ಹೇಳಲು ಹೋಗಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ನೀನು ಯಾವಾಗಲೂ ಅವರ ಎಡಕ್ಕೇ ನಡೆಯುತ್ತಿದ್ದೆಯಲ್ಲ. ನಾನು ಬಲಕ್ಕಿದ್ದೆ. ಆ ಕಡೆ ಹೋಗಲು ಧೈರ್ಯ ಬರಲಿಲ್ಲ.

ಅವತ್ತೇ ನಿನ್ನ ಮಾಸಿಕ ಬಿದ್ದಿತ್ತು. ಟೂರಿನ ಅಡುಗೆಯವರ ಹತ್ತಿರ ಅನ್ನ ಕೇಳಿ ತಂದು, ಎಳ್ಳು ಕಲಸಿ, ಹಳೇ ಸೇತುವೆ ಪಕ್ಕ ಹೊಳೆ ದಂಡೆಯಲ್ಲಿ ಇಟ್ಟೆ. ಅಲ್ಲಿಯ ಕಾಗೆ ಅರ್ಧ ಬೂದಿ ಬಣ್ಣದ್ದು. ಮರದ ಮೇಲಿಂದ ನೋಡಿತು, ಇಳಿಯಲಿಲ್ಲ. ಕಾಗೆ ಮುಟ್ಟದಿದ್ದರೆ ಸತ್ತವರ ಆಸೆ ಯಾವುದೋ ಉಳಿದಿದೆ, ಅದನ್ನು ಊಹಿಸಿ ಮಾತು ಕೊಟ್ಟರೆ ಮುಟ್ಟುತ್ತದೆ ಅಂತಾರಲ್ಲ, ಅಪ್ಪ ಶುರು ಮಾಡಿದರು.

"ವೇದಾ, ನಶ್ಯ ಬಿಟ್ಬಿಡ್ತೀನಿ ಕಣೇ." ಬರಲಿಲ್ಲ. "ನಿನ್ ತಂಗಿ ಹತ್ರ ಮಾತಾಡ್ತೀನಿ." ಬರಲಿಲ್ಲ. ನನಗೆ ನಗು ಬಂತು. ಅಪ್ಪ ಮರದ ಕಡೆ ಕೈ ಮುಗಿದರು. "ನಮ್ ವಿಶ್ರುತ್‌ನ ಗ್ಯಾರೇಜು ಬಿಡಿಸಿ ಓದಿಸ್ತೀನಿ, ಮುಟ್ಟೇ."

ಕಾಗೆ ಇಳಿದು ಬಂದು ಅನ್ನ ಕುಕ್ಕಿತು. ಅಪ್ಪ ಕಲ್ಲಿನ ಮೇಲೆ ಕುಸಿದು ಕೂತು ಅತ್ತರು.

ಲಿಂಗರಾಜಪುರದ ಮನೆಗೆ ವಾಪಸ್ ಬಂದಾಗಿನಿಂದ ಅಪ್ಪನದು ಒಂದೇ ಮಾತು. "ನಿನ್ ಕೊರಗಲ್ಲೇ ಹೋದ್ಲು. ನಾನ್ ಹೇಳ್ತಿಲ್ಲ ಕಣೋ, ಅವಳೇ ಹೇಳಿದ್ದು. ನೀನೇ ನೋಡ್ದೆಯಲ್ಲ." ಇವತ್ತು ನನ್ನ ಗ್ಯಾರೇಜಿನ ಬಟ್ಟೆ ಕಸಕ್ಕೆ ಹಾಕಿದ್ದಾರೆ.

ನೀನು ರಸೆಲ್ ಮಾರುಕಟ್ಟೆಗೆ ಹೂವಿಗೆ ಬಂದಾಗಲೆಲ್ಲ ಪಕ್ಕದಲ್ಲೇ ಇರುವ ನಮ್ಮ ಗ್ಯಾರೇಜಿನಲ್ಲಿ ಟೈರಿನ ಮೇಲೆ ಕೂತು ಹೋಗುತ್ತಿದ್ದೆ. ಓನರ್ ಇನಾಯತ್ ಉಲ್ಲಾ ಭಾಯ್, "ಅಮ್ಮಾ, ನಿಮ್ ಮಗ ಸೌಂಡ್ ಕೇಳೇ ಇಂಜಿನ್ ಕಾಯಿಲೆ ಹೇಳ್ತಾನೆ" ಅಂದರು. "ಮನೇಲಿ ನಾನ್ ಕೂಗಿದ್ದು ಮಾತ್ರ ಕೇಳ್ಸಲ್ಲ ಅವನಿಗೆ" ಅಂದು ನೀನು ನಕ್ಕೆ. ಆ ನಗು ಸುಳ್ಳಾ? ಒಳಗೊಳಗೇ ನಾಚಿಕೆ ಪಡುತ್ತಿದ್ದೆಯಾ? ಹಾಗಿದ್ದರೆ ಕಪಾಳಕ್ಕೆ ಬಿಟ್ಟು ನೀನೇ ಹೇಳಬೇಕಿತ್ತು. ಯಾವುದೋ ದೇಶದ ಕಾಗೆ ಕೈಲಿ ಯಾಕೆ ಹೇಳಿಸಿದೆ?

"ಅದು ಹಸಿದಿದ್ದ ಕಾಗೆ ಅಷ್ಟೇ" ಅಂದೆ ಅಪ್ಪನಿಗೆ.

"ಹಾಗಾದ್ರೆ ಅವಳು ಬರ್ಲೇ ಇಲ್ವೇನೋ?" ಅಂದರು.

ಅವರ ಮುಖ ನೋಡಲಾಗಲಿಲ್ಲ ಅಮ್ಮಾ. ನೀನು ಬಂದಿದ್ದೆ ಅನ್ನುವುದೊಂದೇ ಅವರ ಹತ್ತಿರ ಉಳಿದಿರೋದು. ಅದನ್ನು ಕಿತ್ತುಕೊಳ್ಳಲಾರೆ. ಅದನ್ನು ಒಪ್ಪಿಕೊಂಡು ಇಲ್ಲಿ ಇರಲೂ ಆರೆ.

ಗ್ಯಾರೇಜಿನ ಮೇಲಿನ ರೂಮಿಗೆ ಹೋಗುತ್ತಿದ್ದೇನೆ. ಎಲ್ಲಿದ್ದರೂ ಹೊಟ್ಟೆ ತುಂಬ ಉಣ್ಣು. ಅಪ್ಪ ಹಾಲ್‌ನಲ್ಲಿ ಲೈಟು ಹಾಕದೆ ಕೂತಿದ್ದಾರೆ. ಬಾಗಿಲು ದಡಾರನೆ ಹಾಕಿಕೊಂಡೇ ಹೋಗುತ್ತೇನೆ, ನಿಮ್ಮಿಬ್ಬರಿಗೂ ಕೇಳಲಿ.

ನಿನ್ನ ಮಗ,
ವಿಶ್ರುತ್