ಕಾಲು ತಾಗಿದರೆ

ನವೆಂಬರ್ 14, ಶುಕ್ರವಾರ

ತೂಕ ಸರಿಯಾಗಿದೆ, ಮೊಣಕಾಲಿನ ನೋವೂ ಇಳಿದಿದೆ. ಕೈಯೊಂದೇ ನನ್ನ ಮಾತು ಕೇಳುತ್ತಿಲ್ಲ.

ಭಾನುವಾರ ಜಿಯು-ಜಿಟ್ಸು ಕುಸ್ತಿಯ ಸ್ಪರ್ಧೆ. ಇವತ್ತು ಕಮ್ಮನಹಳ್ಳಿಯ ಕ್ಲಾಸಿನಲ್ಲಿ ಗೆಳತಿ ಯಮುನಾ ಜೊತೆ ಸೆಣಸುವಾಗ ನನ್ನ ಪಾದ ಅವಳ ಕೆನ್ನೆಗೆ ತಾಗಿತು. ನನಗೇ ಗೊತ್ತಿಲ್ಲದೆ, ಹಿಡಿದಿದ್ದ ಅವಳ ಅಂಗಿಯ ಕಾಲರ್ ಬಿಟ್ಟು, ಭುಜ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಅಷ್ಟರಲ್ಲಿ ಅವಳು ನನ್ನ ಕತ್ತು ಹಿಡಿದಾಗಿತ್ತು. ಈ ವಾರ ಎಷ್ಟನೇ ಸಲವೋ.

"ಇದು ಕಾಲಲ್ಲೇ ಆಡೋ ಆಟ ಸೌಂದರ್ಯಾ. ಹಿಂಗೆ ನಮಸ್ಕಾರ ಮಾಡ್ತಿದ್ರೆ ಸೋತ್ಹೋಗ್ತೀಯ" ಎಂದರು ಕೋಚ್ ದೀಪು ಸರ್.

"ನಂಗೇನ್ ಬೇಜಾರಿಲ್ಲ ಕಣೇ, ದಿನಾ ಮಾಡು" ಎಂದಳು ಯಮುನಾ.

ಕೆ.ಆರ್. ಪುರದ ರೂಮಿಗೆ ಬಂದು ಅವ್ವನಿಗೆ ಹೇಳಿದೆ. ಈ ಅಭ್ಯಾಸ ಕಲಿಸಿದವಳು ಅವಳೇ. ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಆಟದ ಮೊದ್ಲ ಕೈ ಕೊಡ್ತೀರಲ್ಲ, ಆವಾಗೇ ಎಲ್ಲಾದಕ್ಕೂ ಕೂಡಿ ಒಂದ್ ನಮಸ್ಕಾರ ಮಾಡಿಬಿಡು. ಆಮ್ಯಾಲ ಬೇಕಾದಂಗ ತುಳಿ" ಎಂದಳು.

ಈಗ ಗೋಡೆಗೊರಗಿ ಬರೆಯುತ್ತಾ ಕಾಲು ಚಾಚಿದರೆ ಮಲಗಿದ್ದ ಅವ್ವನ ಬೆನ್ನಿಗೆ ತಾಗಿತು. ಅಭ್ಯಾಸವಾಗಲಿ ಎಂದು ಕೈಯನ್ನು ತಡೆದು ಹಿಡಿದೆ.

ಕಣ್ಣು ಬಿಡದೆಯೇ ಕೇಳಿದಳು: "ಯಾಕವ್ವಾ, ನಾ ಏನ್ ನಿನ್ ಕೂಡ ಕುಸ್ತಿಗಿ ಬಂದೀನೇನು?"